ಲಗಾಮು ಸಡಿಲಿಸುವುದು ಒಂದೇ ದಿನದ ಕೆಲಸವಲ್ಲ

ಮಕ್ಕಳಿಗೆ 13 ತುಂಬುತ್ತಿದ್ದಂತೆ ಒಂದೊಂದೇ ನಿರ್ಧಾರ ಅವರ ಕೈಗೆ ದಾಟಿಸಿ. ಮೊದಲು, ತಪ್ಪಿದರೂ ದೊಡ್ಡ ನಷ್ಟವಾಗದಂಥವು: ಬಟ್ಟೆ, ಕೋಣೆ, ಯಾವ ಹೋಂವರ್ಕ್ ಮೊದಲು ಅನ್ನೋದು.

ಆಮೇಲೆ ದುಡ್ಡು. ವಾರದ ಪಾಕೆಟ್ ಮನಿಯಿಂದ ಶುರುಮಾಡಿ, ಎರಡು ಮೂರು ತಿಂಗಳು ಸರಿಹೋದರೆ ತಿಂಗಳಿಗೊಮ್ಮೆ ಕೊಡಿ. ಮೊದಲ ಸಲ 10ನೇ ತಾರೀಖಿಗೇ ಜೇಬು ಖಾಲಿಯಾಗಬಹುದು. ಎಡವಟ್ಟಾಗುವುದು ಇಲ್ಲೇ. ಕರುಳು ಚುರ್ರೆಂದು ನಾವು ಮತ್ತೆ ಕೊಟ್ಟುಬಿಡುತ್ತೇವೆ. ಕೊಡಬೇಡಿ, ಬೈಯಲೂ ಬೇಡಿ. ಉಳಿದ 20 ದಿನ ಅವರೇ ಹೇಗೋ ತೂಗಿಸಲಿ, ಮುಂದಿನ ತಿಂಗಳ ಲೆಕ್ಕ ತಾನಾಗಿ ಬದಲಾಗುತ್ತೆ.

ನಿದ್ದೆಯನ್ನು ಮಾತ್ರ ಪೂರ್ತಿ ಬಿಡಬೇಡಿ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ದೇಹದ ಗಡಿಯಾರವೇ ಹಿಂದಕ್ಕೆ ಸರಿಯುವುದರಿಂದ ಬೇಗ ನಿದ್ದೆ ಹತ್ತುವುದಿಲ್ಲ, ದಯವಿಟ್ಟು ಅದನ್ನು ಸೋಮಾರಿತನ ಅನ್ನಬೇಡಿ. ಏಳುವ ಹೊತ್ತು ನೀವು ಹೇಳಿ, ಮಲಗುವ ಹೊತ್ತು ಅವರು ಲೆಕ್ಕ ಹಾಕಲಿ. ಫೋನ್ ಕೋಣೆಯ ಹೊರಗೇ ಚಾರ್ಜ್ ಆಗಲಿ.

ಹೆಲ್ಮೆಟ್ ಹಾಕೋದು, ಕುಡಿದವರ ಗಾಡಿ ಹತ್ತದಿರೋದು, ಇವು ಚರ್ಚೆಗಿಲ್ಲ. "ಎಷ್ಟು ಹೊತ್ತಾದರೂ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ, ಆ ರಾತ್ರಿ ಒಂದು ಪ್ರಶ್ನೆಯೂ ಕೇಳಲ್ಲ" ಅಂತ ಮೊದಲೇ ಹೇಳಿಡಿ. ಹೇಳಿದ ಮೇಲೆ ನಿಜಕ್ಕೂ ಕೇಳಬೇಡಿ. ಮಾತು ಮರುದಿನ, ತಿಂಡಿ ಆದ ಮೇಲೆ.