ಊಟ ಆಯ್ತಾ ಅಂತ ಕೇಳುವ ಎರಡು ನಾಣ್ಯ

ಸಿಂಗಾಪುರದ ಬುಕಿಟ್ ಬ್ರೌನ್ ಸ್ಮಶಾನಕ್ಕೆ ನಾನು ಹೋಗಿದ್ದು ಪಕ್ಕದ ಮನೆ ಆಂಟಿಯ ಚೀಲ ಹೊರೋದಕ್ಕೆ. ಏಪ್ರಿಲ್ ಮೊದಲ ವಾರ, ಬೆಳಗ್ಗೆ ಏಳಕ್ಕೇ ಸೆಕೆ. ಚೀನೀಯರ ಹಿರಿಯರ ಹಬ್ಬ ಚಿಂಗ್‌ಮಿಂಗ್ ಸಾಮಾನ್ಯವಾಗಿ ಏಪ್ರಿಲ್ 4 ಅಥವಾ 5ಕ್ಕೆ ಬರುತ್ತದೆ. ಆಂಟಿಯಾಡುವ ಹೊಕ್ಕಿಯೆನ್ ಎಂಬ ಚೀನೀ ಮಾತಲ್ಲಿ ಅದು ‘ಚೆಂಗ್ ಬೆಂಗ್’. ಅದೇ ದಿನ ಆಗದಿದ್ದರೆ ಹತ್ತು ದಿನ ಆಚೀಚೆ ನಡೆಯುತ್ತದಂತೆ. ನಾವು ಭಾನುವಾರ ಹೋದೆವು.

1922ರಲ್ಲಿ ಶುರುವಾಗಿ 1973ರಲ್ಲಿ ಮುಚ್ಚಿದ ಸ್ಮಶಾನ ಅದು. ಈಗ ಕಾಡು. ಕೆಲವು ಶ್ರೀಮಂತರ ಸಮಾಧಿಗಳ ಮುಂದೆ ಪೇಟ ಕಟ್ಟಿದ ಸಿಖ್ ಕಾವಲುಗಾರರ ಕಲ್ಲಿನ ಮೂರ್ತಿಗಳಿವೆ. ಇಲ್ಲೂ ನಮ್ಮ ದೇಶದವರದ್ದೇ ಪಾರಾ!

ಆಂಟಿಯ ಅಜ್ಜನ ಸಮಾಧಿ ಗುಡ್ಡದ ಓರೆಯಲ್ಲಿತ್ತು. ಗಂಡಸರು ಕಳೆ ಕಿತ್ತರು. ಮೊಮ್ಮಗಳು ಮಾಸಿದ ಅಕ್ಷರಗಳಿಗೆ ಕೆಂಪು ಬಣ್ಣ ತುಂಬಿದಳು. ಮೊದಲ ಊದುಕಡ್ಡಿ ಅಜ್ಜನಿಗಲ್ಲ, ಪಕ್ಕದಲ್ಲಿರುವ ಭೂಮಿ ದೇವರಿಗೆ. ಆಮೇಲೆ ಎಡೆ: ಬೇಯಿಸಿದ ಕೋಳಿ, ಕಿತ್ತಳೆ, ಅಕ್ಕಿ ಹಿಟ್ಟಿನ ಸಿಹಿ, ಪುಟ್ಟ ಬಟ್ಟಲಲ್ಲಿ ಚಹಾ, ಮದ್ಯ. ದಿಬ್ಬದ ಮೇಲೆ ಬಣ್ಣದ ಕಾಗದದ ಪಟ್ಟಿಗಳು, ಹಾರಿಹೋಗದಂತೆ ಮೇಲೊಂದು ಕಲ್ಲು.

ಆಮೇಲೆ ಎಲ್ಲರೂ ಸುಮ್ನೆ ಕೂತರು. ಅಜ್ಜ ಊಟ ಮಾಡ್ತಿದ್ದಾರೆ.

ನನಗೆ ನಮ್ಮೂರ ಪಿತೃಪಕ್ಷ ನೆನಪಾಯಿತು. ಎಲೆ ತುಂಬ ಬಡಿಸಿ, ಮಟನ್ ಸಾರು, ವಡೆ, ಪಾಯಸ, ತಾತನಿಗೆ ಅಂತ ಒಂದು ಕಟ್ಟು ಬೀಡಿ ಇಟ್ಟು, ಧೂಪ ಹಾಕಿ, ಅಜ್ಜಿ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದಳು. ನಾವು ಹಸಿದ ಹೊಟ್ಟೆಯಲ್ಲಿ ಹೊರಗೆ. ತಾತನ ಊಟ ಮುಗಿದದ್ದು ಅವಳಿಗೆ ಹೇಗೆ ತಿಳಿಯುತ್ತಿತ್ತೋ! ಒಂದು ಹೊತ್ತಿನಲ್ಲಿ ಎದ್ದು ಬಾಗಿಲು ತೆಗೆಯುತ್ತಿದ್ದಳು, ಅಷ್ಟೇ.

ಆಂಟಿ ಮಾತ್ರ ಅಂದಾಜಿಗೆ ಬಿಡಲಿಲ್ಲ. ಎರಡು ನಾಣ್ಯ ತೆಗೆದು, ಕಣ್ಣುಮುಚ್ಚಿ ಏನೋ ಕೇಳಿ, ನೆಲಕ್ಕೆ ಹಾಕಿದರು. ಒಂದು ಹೆಡ್, ಒಂದು ಟೇಲ್ ಬಿದ್ದರೆ ಊಟ ಆಯ್ತು ಅಂತ. ಎರಡೂ ಒಂದೇ ಬಿದ್ದವು. “ಇನ್ನೂ ತಿಂತಿದ್ದಾರೆ,” ಅಂದರು. ಅಳಿಯ ಗಡಿಯಾರ ನೋಡಿಕೊಂಡ. ಕಾಲು ಗಂಟೆ ಬಿಟ್ಟು ಮತ್ತೆ ಹಾಕಿದರು. ಮತ್ತೆ ಇಲ್ಲ. ಯಾರೂ ಗೊಣಗಲಿಲ್ಲ. ಬದುಕಿದ್ದಾಗ ಅಪ್ಪನ ಊಟ ಮುಗಿಯಲಿ ಅಂತ ನಾನು ಒಂದು ದಿನವಾದರೂ ಹೀಗೆ ಕಾದಿದ್ದೆನಾ? ತಟ್ಟೆ ಎತ್ತುವ ಅವಸರವೇ ಜಾಸ್ತಿ ಇತ್ತು.

ಮೂರನೇ ಸಲ ಒಪ್ಪಿಗೆ ಸಿಕ್ಕಿತು. ಆಗಲೇ ಅಜ್ಜನಿಗೆ ತಲುಪಲಿ ಅಂತ ಕಾಗದದ ನಕಲಿ ದುಡ್ಡು ಸುಟ್ಟರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ನಮ್ಮ ಫ್ಲಾಟಿನಲ್ಲೇ ಅಪ್ಪನಿಗೆ ಎಡೆ ಇಟ್ಟೆ. ಅವರಿಗಿಷ್ಟ ಅಂತ ಹುರುಳಿಕಾಳಿನ ಬಸ್ಸಾರು, ಮುದ್ದೆ. ಬಾಗಿಲು ಎಳೆದು ಹೊರಗೆ ಕೂತೆವು. “ತಾತನ ಊಟ ಆಯ್ತಾ?” ಅಂತ ಮಗ ಕೇಳಿದ. ಜೇಬಿನಿಂದ ಎರಡು ನಾಣ್ಯ ತೆಗೆದು ಅವನ ಕೈಗೆ ಕೊಟ್ಟೆ.

ಎರಡೂ ಹೆಡ್ ಬಿದ್ದವು. ಮತ್ತೆ ಕೂತೆವು.