ನಾಲ್ಕನೇ ಫರ್ನೇಸ್ ನಿಂತ ದಿನ

ಪೋರ್ಟ್ ಟಾಲ್ಬಟ್‌ನಲ್ಲಿ ಬಟ್ಟೆ ಒಣಹಾಕುವ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡಬೇಕು. ಕಾರ್ಖಾನೆ ಕಡೆಯಿಂದ ಬೀಸಿದರೆ ಕೆಂಪು ಧೂಳು ಬರುತ್ತದೆ. ಕಿಟಕಿಯ ಅಂಚಿನ ಮೇಲೆ, ಕಾರಿನ ಮೇಲೆ, ಬಿಳಿ ಬೆಡ್‌ಶೀಟಿನ ಮೇಲೆ ಕೂರುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಪಕ್ಕದ ಮನೆಯ ಅಜ್ಜಿ. ನಾನು ಭದ್ರಾವತಿಯವಳು. ಅಜ್ಜ, ಅಪ್ಪ ಇಬ್ಬರೂ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಹಾಗಾಗಿ ನರ್ಸ್ ಕೆಲಸಕ್ಕೆ ಅಂತ ವೇಲ್ಸ್‌ನ ಈ ಊರಿಗೆ ಬಂದಾಗ ಹೊಗೆ, ಧೂಳು, ಶಿಫ್ಟ್ ಬಿಡುವ ಹೊತ್ತಿನ ಗದ್ದಲ ಯಾವುದೂ ನನಗೆ ಹೊಸದೆನಿಸಲಿಲ್ಲ.

ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವಿನ ಸಣ್ಣ ಪಟ್ಟಿಯಲ್ಲಿ ಊರು ಮತ್ತು ಕಾರ್ಖಾನೆ. ಬ್ರಿಟನ್ನಿನಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಇದಾಗಿತ್ತು. 2007ರಲ್ಲಿ ಕೋರಸ್ ಕಂಪನಿಯನ್ನು ಟಾಟಾ ಸ್ಟೀಲ್ ಕೊಂಡಾಗ ಇದೂ ಟಾಟಾ ಕೈಗೆ ಬಂತು. ಸಮುದ್ರದ ಮೂಲಕ ಅದಿರು, ಕಲ್ಲಿದ್ದಲು ಬಂದು ಇಳಿಯುತ್ತಿತ್ತು. ಕಲ್ಲಿದ್ದಲು ಕಾದು ಕೋಕ್ ಅನ್ನುವ ಗಟ್ಟಿ ಇಂಧನವಾಗಿ, ಅದಿರು ಕಬ್ಬಿಣವಾಗಿ, ಕಬ್ಬಿಣ ಉಕ್ಕಾಗಿ, ಉಕ್ಕು ಹಾಳೆಯಾಗಿ ಸುರುಳಿ ಸುತ್ತಿಕೊಂಡು ಹೊರಗೆ ಹೋಗುತ್ತಿತ್ತು. ಎಲ್ಲವೂ ಒಂದೇ ಕಾಂಪೌಂಡಿನೊಳಗೆ.

2024ರಲ್ಲಿ ಇದು ಒಂದೊಂದಾಗಿ ನಿಂತಿತು. ಮಾರ್ಚ್‌ನಲ್ಲಿ ಕೋಕ್ ಓವನ್, ಜುಲೈನಲ್ಲಿ ಅದಿರು ಕರಗಿಸುವ ಐದನೇ ನಂಬರಿನ ಬ್ಲಾಸ್ಟ್ ಫರ್ನೇಸ್, ಸೆಪ್ಟೆಂಬರ್ 30ರಂದು ನಾಲ್ಕನೆಯದು. ಆ ಸೋಮವಾರ ನನಗೆ ರಜೆ ಇತ್ತು. ಅಜ್ಜಿಯ ಮಗ ಫರ್ನೇಸ್ ವಿಭಾಗದಲ್ಲೇ ಕೆಲಸ ಮಾಡುತ್ತಿದ್ದ. ಅವನು ಬರುವ ತನಕ ಅಜ್ಜಿಯ ಜೊತೆ ಇರೋಣ ಅಂತ ಹೋದೆ.

ಟಿವಿಯಲ್ಲಿ ಬೆಳಗಿನಿಂದ ಎರಡು ಸುದ್ದಿ. ಒಂದು ನಮ್ಮೂರಿನದು. ಇನ್ನೊಂದು ಇಂಗ್ಲೆಂಡಿನ ರ‍್ಯಾಟ್‌ಕ್ಲಿಫ್‌ನದು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವೂ ಅದೇ ದಿನ ನಿಲ್ಲುತ್ತಿತ್ತು. 1882ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಲ್ಲಿದ್ದಲು ಕರೆಂಟಿನ ಕಥೆ ಅಲ್ಲಿಗೆ ಮುಗಿಯಿತು. ಅದನ್ನು ಹೇಳುವಾಗ ದನಿಯಲ್ಲಿ ಹೆಮ್ಮೆ. ನಮ್ಮೂರಿನದು ಹೇಳುವಾಗ ಸಾವಿನ ಮನೆಯ ದನಿ. ಎರಡೂ ಕಲ್ಲಿದ್ದಲು ಬಿಡುವ ಕೆಲಸವೇ ಅಲ್ವಾ? ಹಾಗಿದ್ದರೆ ಈ ವ್ಯತ್ಯಾಸ ಯಾಕೆ?

ನನಗೆ ಕಂಡ ಕಾರಣ ಇಷ್ಟೇ: ಸಮಯ. ಕಲ್ಲಿದ್ದಲು ವಿದ್ಯುತ್ ನಿಲ್ಲಿಸುತ್ತೇವೆ ಅಂತ ಬ್ರಿಟನ್ ಸರ್ಕಾರ ಹೇಳಿದ್ದು 2015ರಲ್ಲಿ. ಮುಂದಿನದನ್ನು ಯೋಚಿಸಲು ಅಲ್ಲಿನವರಿಗೆ ವರ್ಷಗಳೇ ಸಿಕ್ಕವು. ಆ ಹೊತ್ತಿಗೆ ಗಾಳಿ ವಿದ್ಯುತ್ ಕೂಡ ಬೆಳೆದಿತ್ತು. ಪೋರ್ಟ್ ಟಾಲ್ಬಟ್‌ನ ಎರಡೂ ಫರ್ನೇಸ್ ಆ ವರ್ಷವೇ ನಿಲ್ಲುತ್ತವೆ ಅಂತ ತಿಳಿದದ್ದು 2024ರ ಜನವರಿಯಲ್ಲಿ. 2,800ರವರೆಗೂ ಕೆಲಸ ಹೋಗಬಹುದು ಅಂತ ಆಗಲೇ ಹೇಳಿದ್ದರು, ಹೆಚ್ಚಿನವು ಈ ಊರಿನವೇ. ಬದಲಿಗೆ ಬರಬೇಕಾದ ಎಲೆಕ್ಟ್ರಿಕ್ ಆರ್ಕ್ ಫರ್ನೇಸ್‌ಗೆ ಆಗ ಅಡಿಪಾಯವೂ ಬಿದ್ದಿರಲಿಲ್ಲ.

ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದೆ. ಭದ್ರಾವತಿಯಲ್ಲಿ ಆಗಲೇ ರಾತ್ರಿ. ಅಪ್ಪ ಸುದ್ದಿ ಓದಿದ್ದರು.

"ಒಂದು ಸಲ ತಣ್ಣಗಾದರೆ ಮುಗೀತು ಪುಟ್ಟಿ, ಮತ್ತೆ ಹೊತ್ತಿಸೋದು ಅಷ್ಟು ಸುಲಭ ಅಲ್ಲ" ಅಂದರು. ಗ್ಯಾಸ್ ಒಲೆಯ ಹಾಗೆ ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸುವಂಥದ್ದಲ್ಲ ಅದು. ಬ್ಲಾಸ್ಟ್ ಫರ್ನೇಸ್ ಹಗಲು ರಾತ್ರಿ ವರ್ಷಗಟ್ಟಲೆ ಉರಿಯುತ್ತಲೇ ಇರಬೇಕು. ಮೇಲಿನಿಂದ ಅದಿರು, ಕೋಕ್, ಸುಣ್ಣದಕಲ್ಲು. ಕೆಳಗಿನಿಂದ ಕಾದ ಗಾಳಿ. ನಿಲ್ಲಿಸಿದರೆ ಒಳಗೆ ಉಳಿದ ಕಬ್ಬಿಣ ಗಟ್ಟಿಯಾಗಿ ಕೂತುಬಿಡುತ್ತದೆ.

"ನಮ್ಮಜ್ಜನೂ ಎಲೆಕ್ಟ್ರಿಕ್ ಫರ್ನೇಸ್‌ನಲ್ಲೇ ಇದ್ದರಲ್ಲ ಅಪ್ಪ? ಇಲ್ಲಿಗೂ ಅದೇ ಬರೋದು ಅಲ್ವಾ?" ಅಂತ ಕೇಳಿದೆ.

ಅಪ್ಪನಿಗೆ ಇಂಥ ಪ್ರಶ್ನೆ ಸಿಕ್ಕರೆ ಖುಷಿ. ನಿಧಾನವಾಗಿ ಬಿಡಿಸಿ ಹೇಳಿದರು. ಭದ್ರಾವತಿಯಲ್ಲಿ 1923ರಲ್ಲಿ ಶುರು ಮಾಡಿದಾಗ ಮಲೆನಾಡಿನ ಕಾಡಿನ ಸೌದೆಯಿಂದ ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಕರಗಿಸುತ್ತಿದ್ದರು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡು ಇತ್ತು. ಎಷ್ಟು ಮರ ಹೋಯಿತೋ ಅಂತ ಅಪ್ಪ ಈಗಲೂ ನೊಂದುಕೊಳ್ಳುತ್ತಾರೆ. ಆಮೇಲೆ 1950ರ ದಶಕದಲ್ಲಿ ಜೋಗದ ಕರೆಂಟಿನಿಂದ ಎಲೆಕ್ಟ್ರಿಕ್ ಫರ್ನೇಸ್ ನಡೆಸಿದರು. ಆದರೆ ಅಲ್ಲಿ ಕರೆಂಟು ಕೊಡುತ್ತಿದ್ದದ್ದು ಬಿಸಿ ಮಾತ್ರ. ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತು ತೆಗೆಯಲು ಇದ್ದಿಲೋ ಕೋಕೋ ಬೇಕೇ ಬೇಕಿತ್ತು.

"ನಿಮ್ಮೂರಿಗೆ ಬರೋದು ಗುಜರಿ ಕರಗಿಸೋ ಫರ್ನೇಸ್. ಗುಜರಿ ಅಂದ್ರೆ ಆಗಲೇ ಉಕ್ಕಾದದ್ದು. ಅದರಿಂದ ಆಮ್ಲಜನಕ ತೆಗೆಯೋ ಕೆಲಸವೇ ಇಲ್ಲ. ಅದಕ್ಕೇ ಹೊಗೆ ಕಡಿಮೆ" ಅಂದರು.

ಇಡೀ ವಿಷಯದ ತಿರುಳು ಇದೇ. ಬ್ಲಾಸ್ಟ್ ಫರ್ನೇಸ್ ದಾರಿಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಹತ್ತಿರ ಹತ್ತಿರ ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕೋಕ್ ಅಲ್ಲಿ ಸುಮ್ನೆ ಉರಿಯುವುದಿಲ್ಲ, ಅದಿರಿನ ಆಮ್ಲಜನಕವನ್ನು ಹೊತ್ತುಕೊಂಡು ಹೊರಗೆ ಬರುತ್ತದೆ. ಹಾಗಾಗಿ ಎಷ್ಟೇ ಚೆನ್ನಾಗಿ ನಡೆಸಿದರೂ ಅದು ಸೊನ್ನೆಗೆ ಇಳಿಯುವುದಿಲ್ಲ. ಗುಜರಿ ದಾರಿ ಹಿಡಿದರೆ ಈ ಕಾರ್ಖಾನೆಯಿಂದ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಕಡಿಮೆಯಾಗುತ್ತದೆ ಅನ್ನುವುದು ಕಂಪನಿಯ ಲೆಕ್ಕ. ಆಸ್ಪತ್ರೆಯಲ್ಲಿ ಉಸಿರಾಟದ ತೊಂದರೆಯವರನ್ನು ನೋಡಿಕೊಳ್ಳುವ ನನಗೆ ಈ ಬದಲಾವಣೆ ಬೇಕು. ಆ ಮಾತಿನಲ್ಲಿ ನನಗೆ ಅನುಮಾನವಿಲ್ಲ.

ಅಜ್ಜಿಯ ಮಗ ಸಂಜೆ ಬಂದ. ಬೂಟು ಬಿಚ್ಚಿ ಬಾಗಿಲ ಹತ್ತಿರವೇ ಇಟ್ಟ. ಕೊನೆಯ ಕಬ್ಬಿಣ ಹರಿಯುವಾಗ ಯಾರೂ ಹೆಚ್ಚು ಮಾತಾಡಲಿಲ್ಲ ಅಂದ. ಕೆಲವರು ಫೋಟೊ ತೆಗೆದುಕೊಂಡರಂತೆ. ಕೆಲವರು ಬೆನ್ನು ತಿರುಗಿಸಿ ನಿಂತರಂತೆ. ಅಜ್ಜಿ ಅವನ ಮುಂದೆ ಊಟ ಇಟ್ಟು, ಐದನೇ ಫರ್ನೇಸ್ ಸಿಡಿದ ದಿನವನ್ನು ನೆನಪು ಮಾಡಿಕೊಂಡರು. 2001ರ ನವೆಂಬರ್. ಮೂರು ಜನ ಸತ್ತಿದ್ದರು. ಗಂಡ ಮನೆಗೆ ಬರುವ ತನಕ ಅವತ್ತು ಬಾಗಿಲಲ್ಲೇ ನಿಂತಿದ್ದೆ ಅಂದರು. ಹಾಗಂತ ಅವರಿಗೆ ಫರ್ನೇಸ್ ಮೇಲೆ ಕೋಪವಿಲ್ಲ. ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಎಲ್ಲ ಅದರಿಂದಲೇ.

ಮಗ ಆಡಿದ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಇಲ್ಲಿ ಉಕ್ಕನ್ನು ಹಾಳೆ ಮಾಡುವ ಮಿಲ್ ಓಡುತ್ತಲೇ ಇರುತ್ತದೆ, ಅದಕ್ಕೆ ಬೇಕಾದ ಸ್ಲ್ಯಾಬ್, ಅಂದರೆ ಉಕ್ಕಿನ ದಪ್ಪ ಹಲಗೆ, ಇನ್ನು ಮೇಲೆ ಹಡಗಿನಲ್ಲಿ ಬರುತ್ತದೆ ಅಂದ. ಎಲ್ಲಿಂದ ಅಂದೆ. "ನೆದರ್ಲೆಂಡ್ಸ್‌ನಿಂದ, ನಿಮ್ಮ ದೇಶದಿಂದ" ಅಂದ. ಸಿಟ್ಟಿನಿಂದ ಹೇಳಲಿಲ್ಲ. ಆದರೂ ನಾನು ತಲೆ ತಗ್ಗಿಸಿದೆ. ಅದೇ ಸೆಪ್ಟೆಂಬರ್‌ನಲ್ಲಿ ಒಡಿಶಾದ ಕಳಿಂಗನಗರದಲ್ಲಿ ಅದೇ ಕಂಪನಿ ಭಾರತದ ಅತಿ ದೊಡ್ಡ ಬ್ಲಾಸ್ಟ್ ಫರ್ನೇಸ್ ಶುರು ಮಾಡಿತ್ತು. ನಮ್ಮ ದೇಶಕ್ಕೆ ಉಕ್ಕು ಬೇಕು. ಸೇತುವೆ, ಮನೆ, ರೈಲು ಎಲ್ಲ ಇನ್ನೂ ಕಟ್ಟಬೇಕು, ಗುಜರಿ ಅಷ್ಟೊಂದು ಹುಟ್ಟಿಯೇ ಇಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ವೇಲ್ಸ್‌ನ ಲೆಕ್ಕದಲ್ಲಿ ಕಡಿಮೆಯಾದ ಹೊಗೆಯಲ್ಲಿ ಒಂದು ಪಾಲು ಬೇರೆ ಊರಿನ ಮಕ್ಕಳ ತಲೆ ಮೇಲೆ ಎದ್ದರೆ ಅದನ್ನು ಪೂರ್ತಿ ಉಳಿತಾಯ ಅಂತ ಹೇಗೆ ಬರೆದುಕೊಳ್ಳುವುದು? ಹೊಸ ಫರ್ನೇಸ್ ಸಿದ್ಧವಾಗುವ ತನಕ ಹಳೆಯದರಲ್ಲಿ ಒಂದನ್ನಾದರೂ ಓಡಿಸಿ ಅಂತ ಇಲ್ಲಿನ ಕಾರ್ಮಿಕ ಸಂಘಗಳು ಕೇಳಿದ್ದವು. ಅದಕ್ಕೆ ಖರ್ಚು ಜಾಸ್ತಿ, ಆಗುವುದಿಲ್ಲ ಅಂತ ತೀರ್ಮಾನವಾಯಿತು. ಸಂಘಗಳು ಕೇಳಿದ್ದೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

2025ರ ಜುಲೈನಲ್ಲಿ ಹೊಸ ಫರ್ನೇಸ್‌ನ ಕೆಲಸ ಶುರುವಾಯಿತು. ವರ್ಷಕ್ಕೆ 30 ಲಕ್ಷ ಟನ್ ಉಕ್ಕು ಮಾಡಬಲ್ಲದ್ದು. ಒಟ್ಟು ಖರ್ಚು 125 ಕೋಟಿ ಪೌಂಡ್, ಅದರಲ್ಲಿ 50 ಕೋಟಿ ಸರ್ಕಾರದ ದುಡ್ಡು. ಬ್ರಿಟನ್ನಿನ ಗುಜರಿಯಲ್ಲಿ ಹೆಚ್ಚಿನ ಪಾಲು ಇಷ್ಟು ದಿನ ಹೊರದೇಶಕ್ಕೆ ಹೋಗುತ್ತಿತ್ತು, ಇನ್ನು ಇಲ್ಲೇ ಉಪಯೋಗಕ್ಕೆ ಬರಬಹುದು.

ಅಪ್ಪನಿಗೆ ಈ ಸುದ್ದಿ ಹೇಳಿದಾಗ ಅವರ ಮೊದಲ ಪ್ರಶ್ನೆ ಕರೆಂಟಿನದು. ಕರೆಂಟ್ ಸಾಲದೆ ಫರ್ನೇಸ್ ನಿಲ್ಲಿಸಿದ ದಿನಗಳನ್ನು ಅಜ್ಜ ಕಂಡಿದ್ದರಂತೆ. ಇಲ್ಲಿ ಹೊಸ ಲೈನ್ ಎಳೆಯಬೇಕು, ಕೈಗಾರಿಕೆಯ ಕರೆಂಟ್ ಬೆಲೆ ಯುರೋಪಿನ ಬೇರೆ ದೇಶಗಳಿಗಿಂತ ಜಾಸ್ತಿ ಅಂದೆ. ಎರಡನೇ ಪ್ರಶ್ನೆ ಗುಜರಿಯದು. "ತಾಮ್ರ ಬೆರೆತಿದ್ರೆ ಒಳ್ಳೆ ಹಾಳೆ ಬರಲ್ಲ. ಆರಿಸೋದಕ್ಕೆ ಕಣ್ಣಿರೋ ಜನ ಬೇಕು" ಅಂದರು. ಮೂರನೆಯದು ಅಜ್ಜಿಯ ಮಗನದು. ಅವನು ಈಗ ದೂರದ ಊರಿನಲ್ಲಿ ಕ್ರೇನ್ ನಡೆಸುತ್ತಾನೆ. ಮೊದಲಿಗಿಂತ ಸಂಬಳ ಕಡಿಮೆ. ಹೊಸ ಫರ್ನೇಸ್‌ಗೆ ಜನ ಬೇಕು ಅಂತ ಪ್ರಕಟಿಸಿದ ದಿನವೇ ಅರ್ಜಿ ಹಾಕುತ್ತೇನೆ ಅಂದಿದ್ದಾನೆ. ಅಪ್ಪ ತಮ್ಮ ಕಾಲದ ನೋಟ್‌ಬುಕ್ ಹುಡುಕಿ, ಗುಜರಿ ಆರಿಸುವಾಗ ಏನು ನೋಡಬೇಕು ಅಂತ ಬರೆದಿದ್ದ ಪುಟಗಳ ಫೋಟೊ ಕಳಿಸಿದರು. ಅದನ್ನೀಗ ಅವನಿಗಾಗಿ ಇಂಗ್ಲಿಷಿಗೆ ಬರೆದುಕೊಡುತ್ತಿದ್ದೇನೆ.