"ಯಾವ ಪೇಂಟ್ ತಗೊಳ್ಳಲಿ?" ಅಂತ ಕೇಳೋರಿಗೆಲ್ಲ ನಾನು ಮೊದಲು ಕೇಳೋ ಪ್ರಶ್ನೆ

ಸನ್‌ಮೈಕಾ ಬಾಗಿಲು, ಬಾತ್‌ರೂಮ್ ಟೈಲು, ಜಿಐ ಪೈಪು, ಹಳೇ ಇನಾಮಲ್ ಹೊಡೆದ ಕಿಟಕಿ, ಹೀಗೆ ಮಿರಮಿರ ಮಿಂಚೋ ಯಾವುದಕ್ಕಾದ್ರೂ ಬಣ್ಣ ಹಚ್ಚಿ ಅದು ಹಾಲಿನ ಕೆನೆ ಥರ ಎದ್ದು ಬಂದ ಮೇಲೆ ಜನ ನನಗೆ ಫೋಟೋ ಕಳಿಸ್ತಾರೆ, ಕೆಳಗೆ ಒಂದೇ ಸಾಲು: "ಯಾವ ಪೇಂಟ್ ತಗೊಂಡ್ರೆ ಕಿತ್ತು ಬರಲ್ಲ?" ಎಲ್ಲರಿಗೂ ಪೇಂಟ್ ಹೆಸರು ಬೇಕು. ನಾನು ತಿರುಗಿ ಕೇಳೋದು, ಹಚ್ಚೋಕೆ ಮುಂಚೆ ಯಾವುದರಲ್ಲಿ ತೊಳೆದ್ರಿ ಅಂತ. ಹತ್ತರಲ್ಲಿ ಎಂಟು ಜನ "ಬಟ್ಟೇಲಿ ಒರೆಸಿದ್ದೆ" ಅಂತಾರೆ. ಅಲ್ಲೇ ಕಥೆ ಮುಗೀತು.

ಗಾರೆ ಗೋಡೆನೋ ಬಣ್ಣ ಕಾಣದ ಬರೀ ಮರಾನೋ ಆದ್ರೆ ಅದರಲ್ಲಿ ಸಣ್ಣ ಸಣ್ಣ ತೂತು ಇರುತ್ತೆ, ಬಣ್ಣ ಒಳಗೆ ಇಳಿದು ಬೇರು ಬಿಟ್ಟಂಗೆ ಹಿಡ್ಕೊಳ್ಳುತ್ತೆ. ಗಾಜು, ಟೈಲು, ಸನ್‌ಮೈಕಾಗೆ ಆ ತೂತೇ ಇಲ್ಲ. ಹಂಗಾಗಿ ನಾವೇ ಗೀರು ಹಾಕಿ ಹಿಡಿತ ಮಾಡ್ಕೊಡಬೇಕು, ಇಲ್ಲಾ ರಾಸಾಯನಿಕವಾಗಿ ಅಂಟೋ ಪ್ರೈಮರ್, ಅಂದ್ರೆ ಪೇಂಟಿಗೆ ಮುಂಚಿನ ಅಡಿಪದರ, ಹಾಕಬೇಕು, ಸಾಮಾನ್ಯವಾಗಿ ಎರಡೂ ಬೇಕಾಗುತ್ತೆ. ಅದೆಲ್ಲ ಆಮೇಲಿನ ಮಾತು, ಮೊದಲು ಬಣ್ಣ ಆ ಮೇಲ್ಮೈ ಮೇಲೆ ಹರಡ್ಕೋಬೇಕಲ್ಲ, ಕೆಸುವಿನ ಎಲೆ ಮೇಲಿನ ನೀರಿನ ಥರ ಮುದುಡಿ ಕೂತ್ರೆ ಯಾವ ದುಬಾರಿ ಡಬ್ಬಿ ತಂದ್ರೂ ಅಷ್ಟೇ.

ನಾನು ಇದನ್ನ ಕಲಿತದ್ದು ನಮ್ಮ ಅಡುಗೆಮನೆ ಕಬೋರ್ಡ್ ಕೆಡಿಸ್ಕೊಂಡು. ಉಜ್ಜೋದು ಮುಖ್ಯ ಅಂತ ಎಲ್ಲೋ ಓದಿದ್ದೆ, ಸರಿ ಅಂತ ಮೊದಲ ದಿನಾನೇ ಸ್ಯಾಂಡ್‌ಪೇಪರ್ ಹಿಡ್ಕೊಂಡು ಕೈ ನೋಯೋವರೆಗೂ ಉಜ್ಜಿದೆ, ಆಮೇಲೆ ಒದ್ದೆ ಬಟ್ಟೇಲಿ ಒರೆಸಿ ಪ್ರೈಮರ್ ಹೊಡೆದು ಎರಡು ಕೋಟ್ ಪೇಂಟು. ನೋಡೋಕೆ ಏನು ಚಂದ ಅಂತೀರಾ! ಎರಡು ತಿಂಗಳಿಗೆ ಹಿಡಿ ಸುತ್ತ ಎದ್ದು ಬಂತು, ಆಮೇಲೆ ಒಲೆ ಪಕ್ಕದ ಬಾಗಿಲು. ಎದ್ದ ಜಾಗ ನೋಡಿದಾಗಲೇ ತಲೆಗೆ ಹೋಗಿದ್ದು, ಕೈ ಜಿಡ್ಡು ಎಣ್ಣೆ ಜಿಡ್ಡು ಎಲ್ಲೆಲ್ಲಿತ್ತೋ ಸರಿಯಾಗಿ ಅಲ್ಲೇ ಕಿತ್ತಿದೆ. ಜಿಡ್ಡಿನ ಮೇಲೆ ಉಜ್ಜಿದ್ರೆ ಜಿಡ್ಡು ಹೋಗಲ್ಲ, ನಾವೇ ಹಾಕಿದ ಗೀರಿನೊಳಗೆ ತುಂಬ್ಕೊಳ್ಳುತ್ತೆ. ಮೊದಲು ತೊಳೀಬೇಕು, ಆಮೇಲೆ ಉಜ್ಜಬೇಕು, ಉಜ್ಜಿದ ಮೇಲೆ ಇನ್ನೊಂದ್ಸಲ ಒರೆಸಬೇಕು.

ತೊಳೆಯೋದು ಅಂದ್ರೆ ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್ಡು, ಸ್ಕ್ರಬ್ಬರ್ರು, ಆಮೇಲೆ ಬರೀ ನೀರಲ್ಲಿ ಎರಡು ಸಲ, ಯಾಕಂದ್ರೆ ಉಳಿದ ಸೋಪೂ ಒಂದು ಪದರಾನೇ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲು, ಇದಕ್ಕೆ ಎರಡು ಬಟ್ಟೆ ಇಟ್ಕೊಳ್ಳಿ, ಒಂದರಲ್ಲಿ ಹಚ್ಚಿ ಅದು ಆರೋದರೊಳಗೆ ಇನ್ನೊಂದು ಒಣ ಬಟ್ಟೇಲಿ ಎತ್ತಿಬಿಡಿ. ಒಂದೇ ಬಟ್ಟೇಲಿ ತಿಕ್ಕಿ ಹಂಗೇ ಆರೋಕೆ ಬಿಟ್ರೆ ಆಲ್ಕೋಹಾಲು ಮಾತ್ರ ಹಾರಿ ಹೋಗುತ್ತೆ, ಜಿಡ್ಡು ಸಮವಾಗಿ ಹರಡ್ಕೊಂಡು ವಾಪಸ್ ಅಲ್ಲೇ ಕೂತ್ಕೊಳ್ಳುತ್ತೆ. ಟರ್ಪೆಂಟೈನಲ್ಲಿ ಕೊನೇ ಒರೆಸು ಬೇಡ, ಅದೇ ಎಣ್ಣೆ ಥರದ ಪದರ ಬಿಡಬಹುದು. ಸಿಲಿಕೋನ್ ಇರೋ ಪಾಲಿಶ್ ಯಾವತ್ತಾದ್ರೂ ಹಾಕಿದ್ರೆ ಮಾತ್ರ ದೇವರೇ ಗತಿ, ಬಣ್ಣ ಹೊಡೆದ ತಕ್ಷಣ ಅಲ್ಲಲ್ಲಿ ದುಂಡಗೆ ಗುಳಿ ಬೀಳುತ್ತೆ, ಪೇಂಟರ್‌ಗಳು ಇದಕ್ಕೆ ಫಿಶ್ ಐ ಅಂತಾರೆ.

ಲೋಹ ಮತ್ತೆ ಗಾಜಿಗೆ ಒಂದು ಸುಲಭದ ಪರೀಕ್ಷೆ ಇದೆ. ಶುದ್ಧ ನೀರು ಸುರೀರಿ, ನೀರು ಒಂದೇ ಹಾಳೆ ಥರ ಒಡೀದೆ ಅರ್ಧ ನಿಮಿಷ ನಿಂತ್ರೆ ಕ್ಲೀನ್ ಆಗಿದೆ ಅಂತ, ಹನಿ ಹನಿಯಾಗಿ ಒಡೆದ್ರೆ ವಾಪಸ್ ತೊಳೀರಿ. ಸೋಪು ಉಳಿದಿದ್ರೆ ಈ ಪರೀಕ್ಷೆ ಸುಳ್ಳು ಹೇಳುತ್ತೆ, ಪ್ಲಾಸ್ಟಿಕ್ಕಿಗಂತೂ ನಡೆಯೋದೇ ಇಲ್ಲ, ಅದರ ಮೇಲೆ ಎಷ್ಟು ತೊಳೆದ್ರೂ ನೀರು ಹನಿಗಟ್ಟುತ್ತೆ.

ಉಜ್ಜೋದರಲ್ಲಿ ಜನ ಅತಿ ಮಾಡ್ತಾರೆ. ಹೊಳಪು ಸತ್ರೆ ಸಾಕು, ತೆಗೆದು ಹಾಕೋದೇನಿಲ್ಲ. ಸನ್‌ಮೈಕಾಗೂ ಹಳೇ ಇನಾಮಲ್‌ಗೂ 180ರಿಂದ 220 ನಂಬರ್ ಸ್ಯಾಂಡ್‌ಪೇಪರ್ ಸರಿಹೋಗುತ್ತೆ, ನಂಬರ್ ಕಮ್ಮಿ ಆದಷ್ಟೂ ಒರಟು. 60 ನಂಬರಲ್ಲಿ ಗೀಚಿದ್ರೆ ಆ ಗೀರು ಮೂರು ಕೋಟ್ ಆದ್ಮೇಲೂ ಇಣುಕುತ್ತೆ. ಸನ್‌ಮೈಕಾದ ಮೇಲ್ಪದರ ತುಂಬಾ ತೆಳು, ಒಳಗಿನ ಕಂದು ಕಾಗದ ಕಾಣಿಸ್ತು ಅಂದ್ರೆ ಜಾಸ್ತಿ ಆಯ್ತು ಅಂತ. ಮುಗಿದ ಮೇಲೆ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡೀರಿ, ಎಲ್ಲಿ ಇನ್ನೂ ಮಿಂಚುತ್ತೋ ಅಲ್ಲಿ ನಿಮ್ಮ ಕೈ ಹೋಗಿಲ್ಲ. ಹಾಂ, ತುಂಬಾ ಹಳೇ ಪೇಂಟ್ ಆದ್ರೆ ಅದರಲ್ಲಿ ಸೀಸ ಇರಬಹುದು, ನೀರು ಹಾಕದೆ ಒಣಗೊಣಗೇ ಉಜ್ಜಿ ಧೂಳೆಬ್ಬಿಸಬೇಡಿ, ಮೊದಲು ಟೆಸ್ಟ್ ಮಾಡಿಸಿ, ಮಕ್ಕಳಿರೋ ಮನೆ ಆದ್ರಂತೂ ಹಂಗೆ ಉಜ್ಜೋದು ಬೇಡವೇ ಬೇಡ.

ಪ್ರೈಮರ್ ವಿಷಯದಲ್ಲಿ ಒಂದೇ ಡಬ್ಬಿ ಎಲ್ಲದಕ್ಕೂ ಆಗುತ್ತೆ ಅನ್ನೋದನ್ನ ನಾನು ನಂಬಲ್ಲ. ಸನ್‌ಮೈಕಾಗೆ ಬಾಂಡಿಂಗ್ ಪ್ರೈಮರ್, ಅಂದ್ರೆ ನುಣುಪು ಮೇಲ್ಮೈಗೂ ಅಂಟೋ ಥರದ್ದು, ಸಾಕು. ನೀರು ಬೀಳೋ ಟೈಲಿಗೆ ಎರಡು ಡಬ್ಬಿ ಬೆರೆಸೋ ಎಪಾಕ್ಸಿನೇ ಬೇಕು, ಬೆರೆಸಿದ ಮೇಲೆ ಅದು ಗಟ್ಟಿಯಾಗ್ತಾ ಹೋಗುತ್ತೆ, ಹಂಗಾಗಿ ಸ್ವಲ್ಪ ಸ್ವಲ್ಪನೇ ಬೆರೆಸ್ಕೊಳ್ಳಿ. ಜಿಐ ಶೀಟು, ಜಿಐ ಪೈಪಿನ ಕಥೆ ಮಜವಾಗಿದೆ. ಅದರ ಮೇಲೆ ಇರೋದು ಸತು, ನೇರವಾಗಿ ಆಯಿಲ್ ಪೇಂಟ್ ಹೊಡೆದ್ರೆ ಪೇಂಟಿನಲ್ಲಿರೋ ಎಣ್ಣೆ ಜೊತೆ ಅದು ಸೇರಿ ನಡುವೆ ಒಂಥರ ಸೋಪು ಹುಟ್ಟುತ್ತೆ, ನಾವು ಕಷ್ಟಪಟ್ಟು ತೊಳೆದ ಸೋಪು ಒಳಗಿಂದಾನೇ ವಾಪಸ್ ಬಂದಂಗೆ, ಕೊನೆಗೆ ಬಣ್ಣ ಹಾಳೆಹಾಳೆಯಾಗಿ ಕಳಚುತ್ತೆ. ಅದಕ್ಕೆ ಸತುವಿಗೆ ಅಂತಾನೇ ಮಾಡಿರೋ ನೀರಿನ ಅಕ್ರಿಲಿಕ್ ಪ್ರೈಮರ್ ತಗೊಳ್ಳಿ.

ಪ್ಲಾಸ್ಟಿಕ್ ಕುರ್ಚಿ ಬಗ್ಗೆನೂ ಕೇಳ್ತಾನೇ ಇರ್ತಾರೆ. ಅಡಿಯಲ್ಲಿರೋ ತ್ರಿಕೋನದ ಗುರುತಲ್ಲಿ 5 ಇದ್ರೆ ಅದು ಪಾಲಿಪ್ರೊಪಿಲೀನ್, 2 ಅಥವಾ 4 ಇದ್ರೆ ಪಾಲಿಎಥಿಲೀನ್. ಇವುಗಳ ಮೇಲ್ಮೈ ಶಕ್ತಿ, ಅಂದ್ರೆ ದ್ರವವನ್ನ ತಮ್ಮ ಮೇಲೆ ಹರಡಿಸ್ಕೊಳ್ಳೋ ಗುಣ, ತುಂಬಾ ಕಮ್ಮಿ, ಇವು ಯಾರನ್ನೂ ಹತ್ರ ಸೇರಿಸೋ ಜಾತಿಯವಲ್ಲ. ಕಾರಿನ ಬಂಪರ್‌ಗೆ ಬಣ್ಣ ನಿಲ್ಲುತ್ತಲ್ಲ ಅಂತೀರಿ, ಅಲ್ಲಿ ಬೆಂಕಿಯ ಜ್ವಾಲೆ ಸವರಿಯೋ ಬಣ್ಣ ಅಂಟೋ ಹಾಗೆ ಮಾಡೋ ಅಡ್ಹೀಷನ್ ಪ್ರಮೋಟರ್ ಹಾಕಿಯೋ ಮೊದಲೇ ಹದ ಮಾಡಿರ್ತಾರೆ. ಮನೇಲಿ ಆ ಪ್ರಮೋಟರ್ ಸ್ಪ್ರೇ ಹಾಕಿ ಪ್ರಯತ್ನಿಸಬಹುದು, ಆದ್ರೆ ದಿನಾ ಕೂತು ಏಳೋ ಕುರ್ಚಿಗೆ ನಾನಾಗಿದ್ರೆ ಆ ಗೋಜಿಗೇ ಹೋಗಲ್ಲ.

ಇನ್ನೊಂದು, ಮುಟ್ಟಿದ್ರೆ ಅಂಟಲ್ಲ ಅಂದ್ರೆ ಒಣಗಿದೆ ಅಷ್ಟೇ, ಗಟ್ಟಿಯಾಗಿದೆ ಅಂತಲ್ಲ. ಒಂದು ಗಂಟೇಲಿ ಒಣಗೋ ಪೇಂಟು ಪೂರ್ತಿ ಗಟ್ಟಿಯಾಗೋಕೆ ಎರಡು ಮೂರು ವಾರ ಹಿಡಿಯಬಹುದು, ಅಲ್ಲೀವರೆಗೂ ಉಗುರು ತಾಗಿಸಿ ನೋಡೋ ಚಟ ಬಿಡಿ.

ಇಡೀ ಬಾಗಿಲಿಗೆ ಹೊಡೆಯೋಕೆ ಮುಂಚೆ ಕಾಣದ ಮೂಲೇಲಿ ಅಂಗೈಯಷ್ಟು ಜಾಗಕ್ಕೆ ಎಲ್ಲಾ ಹಂತ ಮಾಡಿ ಒಂದು ವಾರ ಬಿಡಿ. ಆಮೇಲೆ ಬ್ಲೇಡಲ್ಲಿ ಉದ್ದಕ್ಕೆ ಆರು, ಅಡ್ಡಕ್ಕೆ ಆರು ಗೀರು ಹಾಕಿ ಸಣ್ಣ ಚೌಕಗಳು ಮಾಡಿ, ಟೇಪ್ ಒತ್ತಿ ಅಂಟಿಸಿ ಎಳೀರಿ. ಲ್ಯಾಬ್‌ಗಳಲ್ಲಿ ಐಎಸ್ಒ 2409 ಅನ್ನೋ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಎರಡನೇ ಸಲ ಕಬೋರ್ಡ್ ಮಾಡಿದಾಗ ನಾನು ಹಾಕಿದ ಆ ಚೌಕಗಳು ಬಾಗಿಲಿನ ಒಳಗಡೆ ಇನ್ನೂ ಹಂಗೇ ಇವೆ, ಟೇಪಿಗೆ ಒಂದೂ ಅಂಟಿ ಬರಲಿಲ್ಲ. ಮನೆಗೆ ಬಂದೋರು ಬಾಗಿಲು ತೆಗೆದು "ಇದೇನು, ಮಕ್ಕಳು ಗೀಚಿದ್ರಾ?" ಅಂತ ಕೇಳ್ತಾರೆ.